ಹೆಬ್ಬೆರಳಿನ ಹಗ್ಗ

ಕರಾವಳಿಯೂ ಮೈಸೂರೂ ಒಂದೇ ರಾಜ್ಯವಾದ ಮರುವರ್ಷ ನಾನು ಹಂಗಳದ ಶಾಲೆಗೆ ವರ್ಗವಾಗಿ ಬಂದೆ. ಪಕ್ಕದ ಮನೆಯ ಮುದುಕರು ಜಗಲಿಯಲ್ಲಿ ಕೂತರೆ ಅವರ ಬಲಗಾಲು ತನ್ನಷ್ಟಕ್ಕೆ ಹಿಂದೆ ಮುಂದೆ ಆಡುತ್ತಿತ್ತು. ಬ್ರಿಟಿಷರ ಕಾಲದಲ್ಲಿ ಅವರು ನಮ್ಮ ಕರಾವಳಿಯ ಕಲೆಕ್ಟರ್ ಕಚೇರಿಯಲ್ಲಿ ಕಾಲಿನ ಹೆಬ್ಬೆರಳಿಗೆ ಹಗ್ಗ ಕಟ್ಟಿಕೊಂಡು ಚಾವಣಿಯ ಬಟ್ಟೆಪಂಕ ಎಳೆಯುತ್ತಿದ್ದರಂತೆ. ಅಲ್ಲಿನ ಸುದ್ದಿ ಏನು ಕೇಳಿದರೂ ಒಂದೇ ಉತ್ತರ: "ನಂದು ಗಾಳಿ ಕೆಲ್ಸ ಅಷ್ಟೇಯ, ಮೇಷ್ಟ್ರೇ."

ಒಂದು ಸಂಜೆ ತಡೆಯಲಾರದೆ ಕೇಳಿಯೇಬಿಟ್ಟೆ. "ಸತ್ಯಾಗ್ರಹದಲ್ಲಿ ಉಪ್ಪು ಕಾಯಿಸಿದವರಿಗೆ ಹೊಡೆಯಲಿಕ್ಕೆ ಹುಕುಂ ಆದಾಗ ನೀವು ಅಲ್ಲಿದ್ರಾ? ಆ ಏಟಿಗೇ ನನ್ನ ಅಪ್ಪನ ಕೈ ಮುರಿದದ್ದು."

ಅವರ ಕಾಲು ನಿಂತಿತು.

"ಇದ್ದೆ. ರುಜು ಆಕೋವಾಗ ದೊರೆ ಬೆವತೋಗಿದ್ದ," ಎಂದರು. "ನಾನು ಇನ್ನಷ್ಟು ಜೋರಾಗಿ ಎಳ್ದೆ."