ಸಿನಿಮಾದವರಿಗೆ ಅಜ್ಜಿ ಕಟ್ಟಿದ ಮುಡಿಪು

ನಿನ್ನೆ ಮೊಮ್ಮಗಳು ಟಿವಿಯಲ್ಲಿ ರಾಜರ ಕಾಲದ ಸಿನಿಮಾ ನೋಡ್ತಿದ್ದಳು. ಚಿನ್ನ ಹುಡುಕಿಕೊಂಡು ಕಾಡಿಗೆ ಹೊರಟ ಸಿಪಾಯಿಗಳು ದಾರಿ ತಪ್ಪಿ ಒಬ್ಬೊಬ್ಬರೇ ಬೀಳ್ತಿದ್ದರು. ನನಗೆ ಕೂತಲ್ಲಿ ಕೂರೋಕಾಗಲಿಲ್ಲ.

ಚಿಕ್ಕವಳಿದ್ದಾಗ ಸೂಲಿಬೆಲೆಯ ಟೆಂಟಿನಲ್ಲಿ ಅಜ್ಜಿ ಜೊತೆ ಇಂಥದ್ದೇ ಒಂದು ಇಂಗ್ಲಿಷ್ ಸಿನಿಮಾಕ್ಕೆ ಹೋಗಿದ್ದೆ. ಬೀಡಿ ಹೊಗೆಯ ನಡುವೆ, ಪರದೆ ಪಕ್ಕ ನಿಂತವನೊಬ್ಬ ಕಥೆಯನ್ನು ಕನ್ನಡದಲ್ಲಿ ಕೂಗಿ ಹೇಳ್ತಿದ್ದ. ಅಜ್ಜಿಯ ಕಿರಿಮಗ, ನಮ್ಮ ಚಿಕ್ಕಪ್ಪ, ಆಗ ಯುದ್ಧಕ್ಕೆಂದು ಬರ್ಮಾದ ಕಾಡಿನಲ್ಲಿದ್ದ. ಕಾಗದ ಬಂದು ಬಹಳ ದಿನವಾಗಿತ್ತು.

ಪರದೆಯ ಸಿಪಾಯಿಗಳು ಜ್ವರದಲ್ಲಿ ನಡುಗತೊಡಗಿದ್ದೇ ತಡ, ಅಜ್ಜಿ ಕೂತಿದ್ದ ಮರಳ ನೆಲದಿಂದ ಎದ್ದಳು. ಸೀರೆ ಕೂಡ ಕೊಡವದೆ ನನ್ನ ರಟ್ಟೆ ಹಿಡಿದು ಹೊರಗೆಳೆದಳು. ದಾರಿಯುದ್ದಕ್ಕೂ ಒಂದೇ ಮಾತು. "ಅವ್ರು ಊರು ಸೇರ್ಕೊಂಡಿರ್ತಾರೆ ತಾನೇ, ಮಗಾ?"

ಮನೆಗೆ ಬಂದವಳೇ ಅರಿಶಿನದ ಬಟ್ಟೆಯಲ್ಲಿ ಕಾಸಿಟ್ಟು ಗಂಟು ಹಾಕಿದಳು. ದೇವರ ಗೂಡಿನಲ್ಲಿ ಚಿಕ್ಕಪ್ಪನ ಹೆಸರಿನ ಮುಡಿಪಿನ ಪಕ್ಕ ಅದನ್ನಿಟ್ಟಳು. ಹೋದವರು ಕ್ಷೇಮವಾಗಿ ಬಂದ ಮೇಲೇ ಮುಡಿಪು ಬಿಚ್ಚಿ ದೇವರಿಗೆ ಒಪ್ಪಿಸೋದು.

ಚಿಕ್ಕಪ್ಪ ಬಂದ, ಮೂಳೆ ಚಕ್ಕಳವಾಗಿ. ಅವನ ಗಂಟನ್ನು ಬಿಚ್ಚಿದಳು. ಅಪ್ಪ ಇನ್ನೊಂದಕ್ಕೂ ಕೈ ಹಾಕಿದಾಗ, "ಅದನ್ನ ಬಿಡ್ಲಾ, ಅವ್ರ ಸುದ್ದಿ ಇನ್ನೂ ಬಂದಿಲ್ಲ," ಅಂದಳು.

ಆ ಗಂಟು ಈಗ ನನ್ನ ದೇವರ ಗೂಡಿನಲ್ಲಿದೆ.

"ಎದ್ದು ಹೋಗ್ತಿದ್ದೀಯಲ್ಲ ಅಜ್ಜಿ, ಕೊನೆ ನೋಡಲ್ವಾ?" ಅಂದಳು ಮೊಮ್ಮಗಳು.

"ನೀನು ನೋಡ್ಕೊ ತಾಯಿ. ನಂಗೆ ಮಾತ್ರ ಹೇಳ್ಬೇಡ," ಅಂದೆ.