ಅರವತ್ತಮೂರು ಸೊನ್ನೆ

ಮಾರ್ಚ್ 3, 2019, ಭಾನುವಾರ. ಬೆಳಗ್ಗೆ 6.40.

ಔರಂಗಾಬಾದಿನ ಈ ಮನೆಯಲ್ಲಿ ಇವತ್ತು ಹಳೆಯ ಡೈರಿಗಳ ಟ್ರಂಕು ತೆಗೆದೆ. ಬಜೆ ಬೇರಿನ ಘಾಟು ಮೂಗಿಗೆ ಬಡಿಯಿತು. ಕಾಗದಕ್ಕೆ ಹುಳ ಬೀಳದಿರಲೆಂದು ಕಾಕಾ ಕೊಟ್ಟ ತುಂಡು ಅದು...

ಕಾಕಾ ನಮ್ಮ ಬಂಧುವಲ್ಲ. ಅಪ್ಪನ ಬ್ಯಾಂಕಿನ ವರ್ಗಾವಣೆಯಿಂದ ನಾವು ನಾಸಿಕದ ಪಂಚವಟಿಯಲ್ಲಿದ್ದಾಗ ಪಕ್ಕದ ಮನೆಯವರು. ವಿಜಯಪುರ ಕಡೆಯವರು, ಅಂಚೆ ಇಲಾಖೆಯಿಂದ ನಿವೃತ್ತರು. ಮರಾಠಿಯ ಹಳೆಯ ಮೋಡಿ ಲಿಪಿ ಓದಬಲ್ಲವರು. ಓಣಿಯ ಪುರೋಹಿತರ ಮನೆಗಳಲ್ಲಿ ಯಾತ್ರಿಕರ ವಂಶದ ಹೆಸರುಗಳನ್ನು ಮೋಡಿಯಲ್ಲಿ ಬರೆದಿಟ್ಟ ಉದ್ದನೆಯ ಚೋಪಡಿಗಳಿದ್ದವು, ಲೆಕ್ಕದ ಪುಸ್ತಕದಂಥವು. ದೂರದೂರಿನ ಒಂದು ಸಂಸ್ಥೆ ಅವುಗಳ ಫೋಟೊ ತೆಗೆಸಿ, ಆ ಲಿಪಿ ಓದುವುದನ್ನು ಕಂಪ್ಯೂಟರಿಗೆ ಕಲಿಸಲು ಹೊರಟಿತ್ತು. ಕಾಕಾ ಓದಿ ತಮ್ಮ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್‌ನಿಂದ ಬರೆಯುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. 2017ರ ಜೂನ್‌ನಿಂದ ನವೆಂಬರ್‌ವರೆಗೆ 1,140 ಹೆಸರು. ಅದರಲ್ಲಿ 63 ಕಡೆ ಬರೀ ಸೊನ್ನೆ.

ಅಕ್ಷರ ಅಳಿಸಿದ್ದರೆ ಕಾಕಾ ಊಹಿಸುತ್ತಿರಲಿಲ್ಲ. ಸೊನ್ನೆ ಹಾಕುತ್ತಿದ್ದರು. ಒಮ್ಮೆ ನಾನು, "ರಾಮಚಂದ್ರ ಅಂತ ಕಾಣಸ್ತದಲ್ಲರಿ ಕಾಕಾ," ಎಂದೆ.

"ಪಂಚವಟಿಯೊಳಗ ಕೂತವರಿಗೆ ಎಲ್ಲಾರೂ ರಾಮಚಂದ್ರನಂಗ ಕಾಣತಾರ. ಸೊನ್ನಿ ಹಾಕು ತಂಗಿ."

ಡಿಸೆಂಬರಿನಲ್ಲಿ ಸಂಸ್ಥೆಯಿಂದ ಫೋನ್ ಬಂತು. ಪಟ್ಟಿ ಪೂರ್ತಿ ಇರಬೇಕು, ಸೊನ್ನೆ ಇದ್ದಲ್ಲಿ ಯಂತ್ರವೇ ಹೆಸರು ಸೂಚಿಸುತ್ತದೆ, ಒಪ್ಪಿ ಕಳಿಸಿ ಎಂದರು. ಒಂದೇ ಮಧ್ಯಾಹ್ನದಲ್ಲಿ 63ನ್ನೂ ತುಂಬಿದೆ. ಡೈರಿಯಲ್ಲಿ 'ಉಳಿದದ್ದು: ಏನಿಲ್ಲ' ಎಂದು ಹೆಮ್ಮೆಯಿಂದ ಬರೆದೆ. ಓದಿ ಖಚಿತಪಡಿಸಿದವರ ಸಹಿ ಬೇಕಿತ್ತು. ಕಾಕಾ ಹಾಳೆ ತಿರುವಲಿಲ್ಲ. "ನೀ ನೋಡೀಯಲ್ಲ? ಸಾಕು," ಎಂದು ಸಹಿ ಹಾಕಿದರು.

ಪುರೋಹಿತರು ಚೋಪಡಿಗಳನ್ನು ಕಟ್ಟಿಟ್ಟು, ಸಂಸ್ಥೆ ಮುದ್ರಿಸಿ ಕೊಟ್ಟ ಪಟ್ಟಿಯನ್ನೇ ನೋಡತೊಡಗಿದರು. 2018ರ ಫೆಬ್ರವರಿಯಲ್ಲಿ ಒಬ್ಬರು ತಂದೆಯ ಅಸ್ಥಿ ತಂದರು. ಅವರಿಗೆ ಮುತ್ತಜ್ಜನ ಹೆಸರು ಗೊತ್ತಿರಲಿಲ್ಲ. ಪುರೋಹಿತರು ಪಟ್ಟಿ ನೋಡಿ ಹೇಳಿದ ಹೆಸರಿಗೆ ಅವರು ಪಿಂಡ ಇಟ್ಟು ಹೋದರು. ಆಮೇಲೆ ಮನೆಯ ಹಳೆಯ ಜಮೀನಿನ ಕಾಗದದಲ್ಲಿ ಬೇರೆಯೇ ಹೆಸರು ಸಿಕ್ಕಿತು. ತಿರುಗಿ ಬಂದರು. ಪುರೋಹಿತರು ಅವರನ್ನು ಕಾಕಾನ ಬಾಗಿಲಿಗೇ ಕರೆತಂದು, ಸಹಿ ನಿಮ್ಮದೇ ತಾನೆ ಎಂದು ಮರಾಠಿಯಲ್ಲಿ ಕೇಳಿದರು.

ಕಾಕಾ ಕನ್ನಡಕ ಒರೆಸಿಕೊಂಡು ಪಟ್ಟಿಯನ್ನು ತುಂಬ ಹೊತ್ತು ನೋಡಿದರು. "ಹೋ, ಮಾಝೀಚ್," ಎಂದರು. ನನ್ನದೇ. ಬಂದವರು ಅಲ್ಲೇ ಅತ್ತರು. ಕಾಕಾ ನನ್ನ ಕಡೆ ತಿರುಗಿ, ಅವರಿಗೆ ತಿಳಿಯದ ಕನ್ನಡದಲ್ಲಿ ಕೇಳಿದರು:

"ನನ್ನ ಸೊನ್ನಿ ಎಲ್ಲಿ ಹೋದ್ವು, ತಂಗಿ?"

ಹೆಸರು ತುಂಬಿದ್ದು ನಾನೆಂದು ಬಂದವರಿಗೆ ಹೇಳಲಿಲ್ಲ.

ಆಮೇಲೆ ಯಾರು ಮೋಡಿ ಕಾಗದ ತಂದರೂ, "ಕಣ್ಣು ಹೋಗ್ಯಾವರಿ," ಎಂದು ವಾಪಸು ಕಳಿಸುತ್ತಿದ್ದರು. ಪೇಪರು ಮಾತ್ರ ದಿನವೂ ಓದುತ್ತಿದ್ದರು. ಜೂನ್‌ನಲ್ಲಿ ನಾವು ಇಲ್ಲಿಗೆ ಬಂದೆವು. ಆಗಸ್ಟ್‌ನಲ್ಲಿ ಕಾಕಾ ತೀರಿಹೋದರು. ನೋಟ್‌ಬುಕ್ಕುಗಳನ್ನು ಮನೆಯ ಮಾಲೀಕರು ರದ್ದಿಗೆ ಹಾಕಿದರಂತೆ...

ಸಂಸ್ಥೆಗೆ ಎರಡು ಸಲ ಬರೆದೆ. ಉತ್ತರ ಬರಲಿಲ್ಲ. ಓಣಿಯಲ್ಲಿ ಚೋಪಡಿ ಓದಬಲ್ಲವರು ಈಗ ಯಾರೂ ಇಲ್ಲ, ಪಟ್ಟಿ ಈಗಲೂ ಬಳಕೆಯಲ್ಲಿದೆ. ಒಂದು ತಪ್ಪು ಗೊತ್ತಾಗಿದೆ, ಉಳಿದ 62 ಯಾವುವೆಂದು ಡೈರಿಯಲ್ಲಿ ಹುಡುಕಿದೆ. ಸೊನ್ನೆ ಎಷ್ಟು ಎಂದು ದಿನದಿನವೂ ಬರೆದಿದ್ದೇನೆ. ಎಲ್ಲೆಲ್ಲಿ ಎಂದು ಒಂದು ದಿನವೂ ಬರೆದಿಲ್ಲ.

ಅದಕ್ಕೇ ಈ ಪುಟವನ್ನು ಎಲ್ಲರೂ ಓದುವಂತೆ ಹಾಕುತ್ತಿದ್ದೇನೆ. ಪೆನ್ಸಿಲ್‌ನಲ್ಲಿ ಹೆಸರುಗಳ ನಡುವೆ ಸೊನ್ನೆ ಹಾಕಿದ ಹಾಳೆಗಳು ನಾಸಿಕದಲ್ಲಿ ಯಾರಿಗಾದರೂ ಸಿಕ್ಕಿದ್ದರೆ ದಯವಿಟ್ಟು ತಿಳಿಸಿ. ಮುತ್ತಜ್ಜನ ಹೆಸರನ್ನು ಆ ಪಟ್ಟಿಯಿಂದ ತಿಳಿದುಕೊಂಡವರಿದ್ದರೆ ಅವರೂ ಬರೆಯಲಿ. ಆ 63 ಹೆಸರು ತುಂಬಿದವಳು ನಾನು, ಸಹಿ ಮಾತ್ರ ಕಾಕಾನದು.