ಕೆಂಪು ಗೆರೆ ಎಳೆದ ಉಕ್ಕಿನ ಸ್ಯಾಂಪಲ್

ಕಳೆದ ತಿಂಗಳು ಒಂದು ಮಧ್ಯಾಹ್ನ ಕುವೆಂಪುನಗರದ ನಮ್ಮ ಮನೆಗೆ ನನ್ನ ಹಳೆಯ ಶಿಷ್ಯೆ ಬಂದಳು. ನಿವೃತ್ತಿಗೆ ಮುಂಚೆ ನಾನಿದ್ದ ಲೋಹ ಪರೀಕ್ಷೆಯ ಲ್ಯಾಬ್‌ನಲ್ಲಿ ನನ್ನ ಕೈಕೆಳಗೆ ಟ್ರೈನಿಯಾಗಿದ್ದವಳು ಈಗ ದೂರದ ವಿದ್ಯುತ್ ಸ್ಥಾವರವೊಂದರಲ್ಲಿ ಎಂಜಿನಿಯರ್. ರಜೆಗೆಂದು ರಾಮಕೃಷ್ಣನಗರದ ತವರಿಗೆ ಬಂದಿದ್ದಳಂತೆ. ಹೆಲ್ಮೆಟ್ಟನ್ನು ಸೋಫಾ ಮೇಲಿಟ್ಟು ಬ್ಯಾಗಿನಿಂದ ಒಂದು ರಿಪೋರ್ಟ್ ತೆಗೆದಳು. ಕೊನೆಯ ಪುಟದಲ್ಲಿ ನನ್ನದೇ ಸಹಿ, ಕಾನ್ವೆಂಟ್‌ನಲ್ಲಿ ತಿದ್ದಿಸಿದ್ದ ಆ ಓರೆ ಅಕ್ಷರ.

ಅವರ ಬಾಯ್ಲರಿನಿಂದ ಹಬೆ ಒಯ್ಯುವ ಉಕ್ಕಿನ ಪೈಪು ಇನ್ನೆಷ್ಟು ವರ್ಷ ಬಾಳುತ್ತದೆಂದು ಅಂದು ಲೆಕ್ಕ ಹಾಕಿದವಳು ನಾನು. ಸದಾ ಕಾದಿರುವ ಉಕ್ಕು ಒತ್ತಡಕ್ಕೆ ಮೆಲ್ಲಗೆ ಹಿಗ್ಗುತ್ತದೆ, ಅದು ಕ್ರೀಪ್. ಕಾದು, ಆರಿ, ಮತ್ತೆ ಕಾದು ದಣಿಯುತ್ತದೆ, ಅದು ಫಟೀಗ್. ಎರಡೂ ಸೇರಿದರೆ ಒಂದು ಇನ್ನೊಂದಕ್ಕೆ ದಾರಿ ಮಾಡಿಕೊಡುತ್ತದೆ, ಕೂಡಿಸಿದ ಲೆಕ್ಕಕ್ಕಿಂತ ಬೇಗ ಉಕ್ಕು ಮುರಿಯುತ್ತದೆ. ನಾನು ಎರಡನ್ನೂ ಬರೀ ಕೂಡಿಸಿದ್ದೆ.

"ಮೇಡಂ, ಮೊದಲಿನ ಹಾಗೆ ಯೂನಿಟ್ ಒಂದೇ ಸಮ ಓಡಲ್ಲ. ಈಗ ಬಿಸಿಲೇರಿದ್ರೆ ಸೋಲಾರ್ ಕರೆಂಟು ಬಂದ್ಬುಡುತ್ತೆ. ನಮ್ ಯೂನಿಟ್ ಬೇಡ ಅಂದಾಗ ನಿಲ್ಲಿಸ್ತೀವಿ, ಬೇಕು ಅಂದಾಗ ಹೊತ್ತಿಸ್ತೀವಿ. ಹಳೇ ರಿಪೋರ್ಟ್ ನಡೆಯುತ್ತೆ ಅಂತ ಒಂದು ಲೆಟರ್ ಕೊಟ್ಬುಡಿ, ಸಾಕು."

"ಅದೇನು ಗ್ಯಾಸ್ ಸ್ಟವ್ವೇನೇ?"

"ನಮ್ ಮೇಲಿನೋರು ಹಾಗೇ ಅಂದ್ಕೊಂಡವ್ರೆ," ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಒಂದು ಸ್ಯಾಂಪಲ್ ನೆನಪಾಗಿತ್ತು. ನಮ್ಮ ಲ್ಯಾಬ್‌ನಲ್ಲಿ ಉಕ್ಕಿನ ತುಂಡಿಗೆ ಭಾರ ಕಟ್ಟಿ ತಿಂಗಳುಗಟ್ಟಲೆ ಫರ್ನೇಸಿನಲ್ಲಿ ಇಳಿಬಿಡುತ್ತಿದ್ದೆವು. ಈ ರಿಪೋರ್ಟಿಗಾಗಿ ಪರೀಕ್ಷೆ ನಡೆಸುತ್ತಿದ್ದ ವರ್ಷ ಬೇಸಿಗೆಯಲ್ಲಿ ದಿನವೂ ಕರೆಂಟು ಹೋಗುತ್ತಿತ್ತು. ಫರ್ನೇಸ್ ಆರುವುದು, ಮತ್ತೆ ಕಾಯುವುದು. ಭಾರ ಮಾತ್ರ ತೂಗುತ್ತಲೇ ಇರುತ್ತಿತ್ತು. ಆಗ ಅದರಲ್ಲಿದ್ದ ತುಂಡು ಬೇರೆ ತಿಂಗಳುಗಳಲ್ಲಿ ಇಟ್ಟವುಗಳಿಗಿಂತ ಎಷ್ಟೋ ಮುಂಚೆ ಮುರಿಯಿತು. ಕರೆಂಟು ಕೈಕೊಟ್ಟ ಸ್ಯಾಂಪಲ್ಲಿಗೆ ಲ್ಯಾಬ್ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಅಡ್ಡಗೆರೆ ಎಳೆದು 'ಸ್ಪಾಯಿಲ್ಡ್' ಎಂದು ಬರೆಯುವುದು ನಮ್ಮ ಪದ್ಧತಿ. ನಾನೂ ಸ್ಕೇಲ್ ಇಟ್ಟು ಎಳೆದೆ. ಅದನ್ನು ಬಿಟ್ಟ ಮೇಲೆ ಗ್ರಾಫ್ ಸೋ ನೀಟ್ ಆಗಿ ಬಂದಿತ್ತು, ಒಂದು ಚುಕ್ಕಿಯೂ ಗೆರೆ ಬಿಟ್ಟಿರಲಿಲ್ಲ.

ಇದನ್ನೆಲ್ಲ ಹೇಳಿದೆ. ಅವಳು ಕಾಫಿ ಲೋಟ ಕೆಳಗಿಟ್ಟಳು.

"ನಮ್ ಪೈಪಿಗೆ ಈಗ ಆಗ್ತಿರೋದೂ ಅದೇ ಅಲ್ವಾ ಮೇಡಂ?"

"ಅದೇ ಕಣಮ್ಮ."

ರಿಪೋರ್ಟ್ ಮುಚ್ಚಿಟ್ಟು ಅಂದಳು: "ಆ ಕೆಂಪು ಗೆರೆ ವಿಷ್ಯ ಯಾರಿಗೂ ಗೊತ್ತಿಲ್ವಲ್ಲ. ಈ ವಯಸ್ಸಲ್ಲಿ ನಿಮ್ಮ ಹೆಸರು ಯಾಕೆ ಕೆಡಿಸ್ಕೊಳ್ತೀರಾ?"

"ಆ ಪೈಪಿನ ಹತ್ರ ಯಾರಿರ್ತಾರೆ?"

"ನಾಲ್ಕೈದು ಜನ. ನನ್ನ ಶಿಫ್ಟಲ್ಲಿ ನಾನೂ ಇರ್ತೀನಿ."

ಅವಳ ಎದುರೇ ಕೂತು ಬರೆದೆ. ನನ್ನ ರಿಪೋರ್ಟನ್ನು ನಂಬಬೇಡಿ. ಒಂದು ಫಲಿತಾಂಶವನ್ನು ನಾನೇ ಕೈಬಿಟ್ಟಿದ್ದೆ. ಪೈಪಿನ ಹೊದಿಕೆ ಬಿಚ್ಚಿ ವೆಲ್ಡಿಂಗ್ ಪರೀಕ್ಷಿಸುವವರೆಗೆ ಯೂನಿಟ್ ಹೊತ್ತಿಸಬೇಡಿ. ಕೆಳಗೆ ಅದೇ ಓರೆ ಅಕ್ಷರದಲ್ಲಿ ಸಹಿ ಹಾಕಿ ಅವಳ ಕೈಗೆ ಕೊಟ್ಟೆ.

ನಿನ್ನೆ ಅವಳ ಫೋನ್ ಬಂತು. "ಮೇಲಿನೋರು ಓದಿದ್ರು ಮೇಡಂ. 'ಪಾಪ, ವಯಸ್ಸಾದೋರು' ಅಂದ್ರು. ಯೂನಿಟ್ ಮತ್ತೆ ಹೊತ್ತಿಸಿದಾರೆ."

ಬೆಳಿಗ್ಗೆ ಎದ್ದು ಅದೇ ಪತ್ರವನ್ನು ಇನ್ನೊಮ್ಮೆ ಬರೆದೆ, ಈ ಸಲ ಯೂನಿಟ್ ನಿಲ್ಲಿಸುವ ಅಧಿಕಾರವಿರುವ ಸರ್ಕಾರಿ ಬಾಯ್ಲರ್ ಇನ್‌ಸ್ಪೆಕ್ಟರಿಗೆ. ಪೋಸ್ಟ್ ಆಫೀಸಿನ ಮೆಟ್ಟಿಲ ಮೇಲೆ ಕೂತಿದ್ದೇನೆ. ಬಾಗಿಲು ತೆರೆಯಲು ಇನ್ನೂ ಅರ್ಧ ಗಂಟೆ ಇದೆ. ಅವಳದು ಇವತ್ತು ಬೆಳಗಿನ ಶಿಫ್ಟು.